ಹೆಜ್ಜೆ ಗುರುತಿನಿಂದ ಸತ್ಯದವರೆಗೆ: ತನಿಖೆಯನ್ನು ತೂಗಿ ನೋಡುವ ಬಗೆ

(ಕುಸನೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ಇಂದು ಎತ್ತಿಕೊಂಡ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಅಮೆರಿಕದ ಕಾಡುಗಳಲ್ಲಿ ಇದೆ ಎನ್ನಲಾಗುವ, ಮೈತುಂಬ ಕೂದಲಿರುವ, ಮನುಷ್ಯನಂತೆ ಎರಡು ಕಾಲಿನ ಮೇಲೆ ನಡೆಯುವ 'ಬಿಗ್‌ಫುಟ್' ಎಂಬ ಪ್ರಾಣಿಯನ್ನು ಹುಡುಕಿಕೊಂಡು ಹೋದವರ ತನಿಖೆಗಳನ್ನು ಹೇಗೆ ತೂಗಿ ನೋಡಬೇಕು ಎಂಬುದೇ ಆ ವಿಷಯ. ಬಿಗ್‌ಫುಟ್ ಎಂದರೆ ದೊಡ್ಡ ಪಾದ. ನಮ್ಮ ಹಿಮಾಲಯದ ಕಡೆ ಇದಕ್ಕೆ ಅಣ್ಣನಂತಿರುವ ಇನ್ನೊಂದು ಪ್ರಾಣಿಯ ಕಥೆ ಇದೆ, ಅದೇ 'ಯೇತಿ'. ಕುಸನೂರಿನಲ್ಲಿ ಹಿಮವಿಲ್ಲ, ದಟ್ಟ ಕಾಡೂ ಇಲ್ಲ. ಹಾಗಾದರೆ ಈ ಮಾತು ನಮಗೇಕೆ ಎಂದು ನೀವು ಕೇಳಬಹುದು. 'ನಾನು ಕಣ್ಣಾರೆ ಕಂಡೆ' ಎನ್ನುವವರು ಮತ್ತು 'ನಾವು ಹೋಗಿ ತನಿಖೆ ಮಾಡಿದ್ದೇವೆ' ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಮಾತನ್ನು ಎಷ್ಟು ನಂಬಬೇಕು ಎಂಬುದು ಕೆಲವೊಮ್ಮೆ ಮನುಷ್ಯರ ಜೀವದ ಪ್ರಶ್ನೆಯಾಗುತ್ತದೆ. ಅದಕ್ಕಾಗಿ ಈ ಮಾತು.

ಬಿಗ್‌ಫುಟ್ ಇದೆಯೋ ಇಲ್ಲವೋ ಎಂದು ವಾದ ಮಾಡುವುದು ನನ್ನ ಉದ್ದೇಶವಲ್ಲ. ಒಂದು ತನಿಖೆ ಒಳ್ಳೆಯದೋ ಕಳಪೆಯೋ ಎಂದು ಅದರ ಫಲಿತಾಂಶ ನೋಡಿ ಹೇಳಲಾಗದು. ತಾನು ಹುಡುಕುತ್ತಿರುವ ಸಂಗತಿ ಸುಳ್ಳಾಗಿದ್ದರೆ ಆ ಸುಳ್ಳು ಹೊರಬೀಳಲು ತನಿಖೆ ದಾರಿ ಬಿಟ್ಟಿತ್ತೇ ಎಂಬುದನ್ನು ನೋಡಿ ಹೇಳಬೇಕು. ಇಂದು ನಾನು ಹೇಳುವುದೆಲ್ಲ ಈ ಒಂದೇ ಮಾತಿನ ವಿವರಣೆ.

ಮೊದಲು ನಮ್ಮ ರಾಜ್ಯದವರೇ ಕಲಿಸಿದ ಪಾಠವೊಂದನ್ನು ನೋಡೋಣ. ಭಾರತದಲ್ಲಿ ಬಹಳ ವರ್ಷಗಳ ಕಾಲ ಹುಲಿಗಳನ್ನು ಎಣಿಸುತ್ತಿದ್ದುದು ಅವುಗಳ ಹೆಜ್ಜೆ ಗುರುತಿನಿಂದ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ 1960ರ ದಶಕದಲ್ಲಿ ಈ ಪದ್ಧತಿಯನ್ನು ರೂಪಿಸಿದರು. ಅರಣ್ಯ ಸಿಬ್ಬಂದಿ ಕಾಡಿನ ದಾರಿಯಲ್ಲಿ ಗುರುತು ಕಂಡಲ್ಲಿ ಅದರ ಮೇಲೆ ಗಾಜು ಇಟ್ಟು, ಅಂಚಿನ ಗೆರೆ ಎಳೆದು, ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. ಪ್ರತಿ ಹುಲಿಯ ಹೆಜ್ಜೆಯೂ ಬೇರೆ ಬೇರೆ, ಅನುಭವಸ್ಥರು ನೋಡಿದ ಕೂಡಲೇ ಗುರುತಿಸಬಲ್ಲರು ಎಂಬುದು ನಂಬಿಕೆಯಾಗಿತ್ತು. ಬಿಸಿಲಲ್ಲಿ ಕಾಡು ಸುತ್ತಿ ದುಡಿದವರ ಪ್ರಾಮಾಣಿಕತೆಯ ಬಗ್ಗೆ ಯಾರೂ ಸಂಶಯ ಪಡಬೇಕಾಗಿರಲಿಲ್ಲ. ಆದರೆ ಪದ್ಧತಿಯನ್ನೇ ಪರೀಕ್ಷೆ ಮಾಡಿ ನೋಡಿದವರು ಯಾರು?

ಆ ಕೆಲಸ ಮಾಡಿದವರು ಕನ್ನಡ ನಾಡಿನ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತ. ಅವರು ಬಂಧನದಲ್ಲಿದ್ದ ನಾಲ್ಕು ಹುಲಿಗಳ ಹೆಜ್ಜೆ ಗುರುತುಗಳನ್ನು ಬೇರೆ ಬೇರೆ ಬಗೆಯ ನೆಲದ ಮೇಲೆ ತೆಗೆದು, ಆ ಚಿತ್ರಗಳನ್ನು ಬೆರೆಸಿ, ಅನುಭವಿ ಅಧಿಕಾರಿಗಳ ಮುಂದಿಟ್ಟು, ಇವು ಎಷ್ಟು ಹುಲಿಗಳದ್ದು ಎಂದು ಕೇಳಿದರು. ಒಬ್ಬರೂ ನಾಲ್ಕು ಎನ್ನಲಿಲ್ಲ. ಎಲ್ಲರೂ ಹೆಚ್ಚೇ ಹೇಳಿದರು. ಇದು 1987ರಲ್ಲಿ ಪ್ರಕಟವಾಯಿತು. ಮರಳಿನ ಮೇಲೆ ಒಂದು ರೀತಿ, ಕೆಸರಿನ ಮೇಲೆ ಇನ್ನೊಂದು ರೀತಿ ಮೂಡುವ ಒಂದೇ ಪಾದ, ನೋಡುವವರ ಕಣ್ಣಿಗೆ ಎರಡು ಹುಲಿಯಾಗುತ್ತಿತ್ತು. ಬಳಿಕ ಕಾರಂತರು ನಾಗರಹೊಳೆಯಲ್ಲಿ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಾಡಿನ ದಾರಿಗಳಲ್ಲಿ ಕಟ್ಟಿದರು. ಹುಲಿಯ ಮೈಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರದು ಇನ್ನೊಂದಕ್ಕಿಲ್ಲ. ಆ ಚಿತ್ರವನ್ನು ಯಾರು ಬೇಕಾದರೂ ಮತ್ತೆ ತೆಗೆದು ಹೋಲಿಸಿ ನೋಡಬಹುದು.

ಆದರೂ ಹಳೆಯ ಪದ್ಧತಿ ಮುಂದುವರಿಯಿತು. ರಾಜಸ್ಥಾನದ ಸರಿಸ್ಕಾ ಅಭಯಾರಣ್ಯದಲ್ಲಿ 15ಕ್ಕೂ ಹೆಚ್ಚು ಹುಲಿಗಳಿವೆ ಎಂದು 2004ರಲ್ಲಿ ದಾಖಲೆ ಹೇಳಿತು. 2005ರಲ್ಲಿ ಹೋಗಿ ನೋಡಿದರೆ ಅಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು, ಕಾಗದದ ಮೇಲೆ ಮಾತ್ರ ಹುಲಿಗಳು ಓಡಾಡುತ್ತಿದ್ದವು. ಆ ಮೇಲೆಯೇ ದೇಶದಲ್ಲಿ ಎಣಿಕೆಯ ಪದ್ಧತಿ ಬದಲಾಯಿತು. 2001-02ರಲ್ಲಿ 3,642 ಎನ್ನಲಾಗಿದ್ದ ಸಂಖ್ಯೆ ಹೊಸ ರೀತಿಯ 2006ರ ಅಂದಾಜಿನಲ್ಲಿ 1,411 ಆಯಿತು. ಅಷ್ಟೂ ಹುಲಿಗಳು ಆ ನಾಲ್ಕು ವರ್ಷದಲ್ಲೇ ಸತ್ತವು ಎಂದು ಇದರ ಅರ್ಥವಲ್ಲ. ಹಳೆಯ ಲೆಕ್ಕವನ್ನು ನಂಬುವಂತಿರಲಿಲ್ಲ ಎಂದು ಅರ್ಥ. 2022ರ ಅಂದಾಜು ಕ್ಯಾಮೆರಾ ಚಿತ್ರಗಳನ್ನು ಆಧರಿಸಿ ಕರ್ನಾಟಕಕ್ಕೆ 563 ಹುಲಿಗಳನ್ನು ಕೊಟ್ಟಿದೆ.

ಈಗ ನೀವೇ ಯೋಚಿಸಿ ನೋಡಿ. ಹುಲಿ ಇದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಇರುವ ಪ್ರಾಣಿಯ ವಿಷಯದಲ್ಲೇ, ತರಬೇತಿ ಪಡೆದವರ ಕೈಯಲ್ಲೇ, ಹೆಜ್ಜೆ ಗುರುತು ಇಷ್ಟು ದಾರಿ ತಪ್ಪಿಸಿತು. ಹಾಗಿರುವಾಗ ಇದೆಯೋ ಇಲ್ಲವೋ ಗೊತ್ತಿಲ್ಲದ ಪ್ರಾಣಿಗೆ ಹೆಜ್ಜೆ ಗುರುತೊಂದನ್ನೇ ಸಾಕ್ಷಿ ಎಂದು ಹಿಡಿದರೆ ಅದರ ತೂಕ ಎಷ್ಟು? ಬಿಗ್‌ಫುಟ್ ತನಿಖೆಗಳ ಬಹುಪಾಲು ನಿಂತಿರುವುದು ಇದೇ ನೆಲದ ಮೇಲೆ. ಅವುಗಳನ್ನು ಅಳೆಯಲು ನಾನು ಐದು ಪ್ರಶ್ನೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ.

ಮೊದಲನೆಯ ಪ್ರಶ್ನೆ: ಕಂಡವರು ಯಾರು, ಹೇಗೆ ಕಂಡರು, ಅವರ ಮಾತನ್ನು ಯಾವಾಗ ಬರೆದುಕೊಳ್ಳಲಾಯಿತು? ಅಮೆರಿಕದಲ್ಲಿ 1995ರಲ್ಲಿ ಹುಟ್ಟಿದ ಬಿಗ್‌ಫುಟ್ ತನಿಖಾ ಸಂಘವೊಂದು ತನಗೆ ಬಂದ ವರದಿಗಳನ್ನು ಮೂರು ವರ್ಗ ಮಾಡುತ್ತದೆ. ಬೇರೆ ಪ್ರಾಣಿ ಎಂದು ತಪ್ಪು ತಿಳಿಯಲು ಆಸ್ಪದ ಕಡಿಮೆ ಇರುವ ಸ್ಪಷ್ಟ ನೋಟ ಮೊದಲ ವರ್ಗ. ದೂರದಿಂದ, ಮಬ್ಬು ಬೆಳಕಿನಲ್ಲಿ ಕಂಡದ್ದು ಅಥವಾ ಬರೀ ಸದ್ದು ಕೇಳಿದ್ದು ಎರಡನೆಯದು. ಒಬ್ಬರಿಂದ ಒಬ್ಬರಿಗೆ ದಾಟಿ ಬಂದ ಮಾತು ಮೂರನೆಯದು. ಈ ವಿಂಗಡಣೆ ಒಳ್ಳೆಯದೇ. ಆದರೆ ಇದರಲ್ಲಿ ಒಂದು ಕೊರತೆ ಇದೆ. ಹತ್ತಿರದಿಂದ ಕಂಡೆ ಎಂದು ಹೇಳಿದವನೂ ಸಾಕ್ಷಿಯೇ, ಹತ್ತಿರದಿಂದ ಕಂಡದ್ದು ನಿಜ ಎನ್ನುವುದಕ್ಕೂ ಅವನೇ ಸಾಕ್ಷಿ. ವರ್ಗ ಎಷ್ಟೇ ಮೇಲಿನದಾದರೂ ಹೊರಗಿನ ಆಧಾರವಿಲ್ಲದಿದ್ದರೆ ಅದು ಮಾತಾಗಿಯೇ ಉಳಿಯುತ್ತದೆ. ಇಂತಹ ಮಾತನ್ನು ಸಾವಿರ ಸಲ ಕೂಡಿಸಿದರೂ ಅದು ಒಂದು ಎಲುಬಿಗೆ ಸಮನಾಗದು.

ಎರಡನೆಯ ಪ್ರಶ್ನೆ: ಗುರುತು ಮೂಡಿದ ಮೇಲೆ ಅದಕ್ಕೆ ಏನಾಯಿತು? 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಮೆನ್‌ಲುಂಗ್ ಹಿಮನದಿಯ ಬಳಿ ತೆಗೆದ ಹೆಜ್ಜೆಯ ಛಾಯಾಚಿತ್ರ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು. ಅಳತೆ ತಿಳಿಯಲೆಂದು ಪಕ್ಕದಲ್ಲಿ ಹಿಮಗೊಡಲಿ ಇಟ್ಟು ಚಿತ್ರ ತೆಗೆದದ್ದು ಮೆಚ್ಚಬೇಕಾದ ಸಂಗತಿ. ಆದರೆ ಹಿಮ ಕರಗುತ್ತದೆ. 1960-61ರಲ್ಲಿ ಎಡ್ಮಂಡ್ ಹಿಲರಿಯವರ ನೇತೃತ್ವದ ತಂಡ ಯೇತಿಯನ್ನು ಹುಡುಕುತ್ತ ಹೋದಾಗ ಒಂದು ಹೆಜ್ಜೆ ಸಾಲನ್ನು ಕೊನೆಯತನಕ ಹಿಂಬಾಲಿಸಿತು. ಬಿಸಿಲು ಬಿದ್ದ ಜಾಗದಲ್ಲಿ ಆ ಹೆಜ್ಜೆಗಳು ಯೇತಿಯದರಂತೆ ದೊಡ್ಡದಾಗಿದ್ದವು, ನೆರಳಿನಲ್ಲಿ ಅವೇ ಹೆಜ್ಜೆಗಳು ನರಿಯ ಪುಟ್ಟ ಪಾದಗಳಾಗಿದ್ದವು. ಬಿಸಿಲಿಗೆ ಹಲವು ಚಿಕ್ಕ ಗುರುತುಗಳು ಕರಗಿ ಕೂಡಿ ಒಂದಾಗಿದ್ದವು. ಬರೀ ಬಿಸಿಲಿನ ಗುರುತಿನ ಚಿತ್ರ ತೆಗೆದು ಮನೆಗೆ ಬಂದಿದ್ದರೆ ಇನ್ನೊಂದು ಯೇತಿ ಹುಟ್ಟುತ್ತಿತ್ತು. ನಮ್ಮ ಎರಿ ಹೊಲದಲ್ಲಿ ನಡೆಯುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ಕರಿ ಮಣ್ಣಿನಲ್ಲಿ ಕಾಲು ಜಾರಿದ ಗುರುತು, ಒಣಗಿ ಬಿರುಕು ಬಿಟ್ಟ ಮೇಲೆ ಯಾವ ಆಕಾರವನ್ನಾದರೂ ತಾಳಬಹುದು. ಕರಡಿಯ ಹಿಂಗಾಲಿನ ಗುರುತು ಮೊದಲೇ ಮನುಷ್ಯನ ಪಾದದಂತಿರುತ್ತದೆ, ಮುಂಗಾಲು ಊರಿದಲ್ಲೇ ಹಿಂಗಾಲೂ ಬಿದ್ದರೆ ಅದು ಮತ್ತಷ್ಟು ಉದ್ದವಾಗುತ್ತದೆ. 2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯ ಪರ್ವತಾರೋಹಣ ತಂಡ ಮಕಾಲು ಶಿಬಿರದ ಬಳಿ 32 ಅಂಗುಲ ಉದ್ದ, 15 ಅಂಗುಲ ಅಗಲದ ಗುರುತುಗಳನ್ನು ಕಂಡಿತು. ಸೇನೆ ಅದನ್ನು ಯೇತಿಯದೆಂದು ಪ್ರಕಟಿಸಿದಾಗ, ನೇಪಾಳದ ಕಡೆಯವರು ಇದು ಕರಡಿಯದು ಎಂದರು.

ಮೂರನೆಯ ಪ್ರಶ್ನೆ: ಕೈಗೆ ಸಿಕ್ಕ ವಸ್ತುವನ್ನು ಪಕ್ಷಪಾತವಿಲ್ಲದವರ ಕೈಗೆ ಕೊಟ್ಟರೇ? ಹಿಲರಿಯವರ ತಂಡ ಇಲ್ಲಿಯೂ ದಾರಿ ತೋರಿಸಿತು. ಖುಮ್‌ಜುಂಗ್ ಗ್ರಾಮದವರು ಯೇತಿಯ ನೆತ್ತಿಯ ಚರ್ಮವೆಂದು ಗೌರವದಿಂದ ಕಾಪಾಡಿಕೊಂಡು ಬಂದಿದ್ದ ವಸ್ತುವನ್ನು, ಗ್ರಾಮದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೇ, ಹೊರದೇಶದ ತಜ್ಞರ ಬಳಿಗೆ ಒಯ್ದರು. ಅದು ಸೆರೋ ಎಂಬ, ಆಡಿನಂತಿರುವ ಪರ್ವತ ಪ್ರಾಣಿಯ ಚರ್ಮದಿಂದ ಮಾಡಿದ್ದೆಂದು ತಿಳಿಯಿತು. ಅಮೆರಿಕದಲ್ಲಿ ಬಿಗ್‌ಫುಟ್ ಹುಡುಕುತ್ತಿದ್ದ ಪೀಟರ್ ಬೈರ್ನ್ ಎಂಬವರು 1976ರಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ 15 ಕೂದಲುಗಳ ಪರೀಕ್ಷೆಗೆ ಮನವಿ ಮಾಡಿದರು. ಅವು ಜಿಂಕೆಯ ಜಾತಿಯ ಪ್ರಾಣಿಯ ಕೂದಲು ಎಂಬುದು 1977ರ ವರದಿ. 2017ರಲ್ಲಿ ಷಾರ್ಲೆಟ್ ಲಿಂಡ್‌ಕ್ವಿಸ್ಟ್ ಎಂಬ ವಿಜ್ಞಾನಿಯ ತಂಡ ಯೇತಿಯದೆಂದು ಹೇಳಲಾದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷಿಸಿತು. ಎಂಟು ಕರಡಿಗಳದ್ದು, ಒಂದು ನಾಯಿಯದು. ಯೇತಿ ಸಿಗಲಿಲ್ಲ, ಆದರೆ ಅಳಿವಿನ ಅಂಚಿನಲ್ಲಿರುವ ಹಿಮಾಲಯದ ಕಂದು ಕರಡಿಯ ವಂಶದ ಬಗ್ಗೆ ಹೊಸ ತಿಳಿವಳಿಕೆ ದೊರೆಯಿತು. ಒಳ್ಳೆಯ ತನಿಖೆಯ ಗುಣವೇ ಇದು. ಹುಡುಕಿದ್ದು ಸಿಗದಿದ್ದರೂ ಅದು ಬರಿಗೈಯಲ್ಲಿ ಮರಳುವುದಿಲ್ಲ.

ನಾಲ್ಕನೆಯ ಪ್ರಶ್ನೆ: ಬೇರೆ ಏನಾಗಿರಬಹುದು ಎಂದು ಪರೀಕ್ಷಿಸಿ ನೋಡಿದರೇ? 'ಇದು ಕರಡಿ ಇರಲಿಕ್ಕಿಲ್ಲ' ಎಂದು ಹೇಳಿಬಿಡುವುದು ಪರೀಕ್ಷೆಯಲ್ಲ. 2024ರಲ್ಲಿ ಫ್ಲೋ ಫಾಕ್ಸನ್ ಎಂಬ ಸಂಶೋಧಕರು ಅಮೆರಿಕ ಮತ್ತು ಕೆನಡಾದ ಬಿಗ್‌ಫುಟ್ ವರದಿಗಳನ್ನೂ, ಅಲ್ಲಿನ ಕಪ್ಪು ಕರಡಿಗಳ ಸಂಖ್ಯೆಯನ್ನೂ, ಜನಸಂಖ್ಯೆ ಮತ್ತು ಕಾಡಿನ ವಿಸ್ತಾರವನ್ನೂ ಒಟ್ಟಿಗೆ ಇಟ್ಟು ನೋಡಿದ ಲೇಖನ ಪ್ರಕಟವಾಯಿತು. ಸಾವಿರ ಕರಡಿ ಹೆಚ್ಚಾದಲ್ಲಿ ವರದಿಗಳು ಸುಮಾರು ಶೇಕಡಾ 4ರಷ್ಟು ಹೆಚ್ಚುತ್ತವೆ ಎಂದು ಕಂಡುಬಂತು. ಎರಡು ಕಾಲಿನ ಮೇಲೆ ಎದ್ದು ನಿಂತ ಕರಡಿಯನ್ನು ಮುಸ್ಸಂಜೆಯಲ್ಲಿ ಕಂಡವನು ಸುಳ್ಳುಗಾರನಲ್ಲ. ಕಂಡದ್ದು ನಿಜ, ಕೊಟ್ಟ ಹೆಸರು ಬೇರೆ. ಸಾಕ್ಷಿ ಹೇಳಿದವರನ್ನು ಹೀಯಾಳಿಸದೆ ಅವರ ಮಾತನ್ನು ಪರೀಕ್ಷಿಸುವುದು ಸಾಧ್ಯ ಎಂಬುದನ್ನು ದಯವಿಟ್ಟು ನೆನಪಿಡಿ.

ಐದನೆಯ ಪ್ರಶ್ನೆ: ಇದರಿಂದ ಯಾರಿಗೆ ಏನು ಲಾಭ, ಮತ್ತು ಏನು ಸಿಕ್ಕರೆ ತನಿಖೆ ಮಾಡುವವನು 'ನನ್ನ ನಂಬಿಕೆ ತಪ್ಪು' ಎಂದು ಒಪ್ಪುತ್ತಾನೆ? ಬಿಗ್‌ಫುಟ್ ಎಂಬ ಹೆಸರು ಪ್ರಸಿದ್ಧವಾದದ್ದು 1958ರಲ್ಲಿ, ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ರಸ್ತೆ ಕೆಲಸದವರಿಗೆ ಕಂಡ ದೊಡ್ಡ ಹೆಜ್ಜೆಗಳಿಂದ. ಆ ಕೆಲಸದ ಗುತ್ತಿಗೆದಾರ ರೇ ವಾಲೆಸ್ 2002ರಲ್ಲಿ ತೀರಿಕೊಂಡ ಮೇಲೆ, ಅವರು ತಮಾಷೆಗಾಗಿ ಬಳಸಿದ್ದ ಮರದ ಪಾದಗಳನ್ನು ಮನೆಯವರೇ ಹೊರಗೆ ತಂದು ತೋರಿಸಿದರು. ನಲವತ್ತನಾಲ್ಕು ವರ್ಷ! ಆದರೂ ಹುಡುಕಾಟ ನಿಲ್ಲಲಿಲ್ಲ. ಆ ಹೆಜ್ಜೆ ಸುಳ್ಳಾದರೆ ಬೇರೆ ಹೆಜ್ಜೆ ಇದೆ, ಈ ಕೂದಲು ಜಿಂಕೆಯದಾದರೆ ಮುಂದಿನ ಕೂದಲು ನೋಡೋಣ ಎಂದು ಮಾತು ಮುಂದಕ್ಕೆ ಹೋಗುತ್ತಲೇ ಇತ್ತು. ಯಾವ ಫಲಿತಾಂಶ ಬಂದರೂ ಬದಲಾಗದ ತೀರ್ಮಾನಕ್ಕೆ ತನಿಖೆಯ ಅಗತ್ಯವೇ ಇರುವುದಿಲ್ಲ.

ಇಷ್ಟು ಕೇಳಿ, ಹಳ್ಳಿಯ ಜನ ಹೇಳುವ ಪ್ರಾಣಿಗಳೆಲ್ಲ ಕಟ್ಟುಕಥೆ ಎಂದು ನೀವು ತಿಳಿದರೆ ಅದೂ ತಪ್ಪಾದೀತು. ಅರುಣಾಚಲ ಪ್ರದೇಶದ ತವಾಂಗ್ ಮತ್ತು ಪಶ್ಚಿಮ ಕಾಮೆಂಗ್ ಕಡೆಯ ಮೋನ್ಪಾ ಜನರಿಗೆ ಒಂದು ಗಟ್ಟಿಮೈಯ ಕಂದು ಕೋತಿ ಮೊದಲಿನಿಂದಲೂ ಗೊತ್ತಿತ್ತು. ಅದನ್ನು ಅವರು 'ಮುನ್ ಜಾಲಾ', ಅಂದರೆ ದಟ್ಟ ಕಾಡಿನ ಕೋತಿ, ಎಂದು ಕರೆಯುತ್ತಿದ್ದರು. ವಿಜ್ಞಾನದ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಬೆಂಗಳೂರು ಮತ್ತು ಮೈಸೂರಿನ ಸಂಸ್ಥೆಗಳ ಅನಿಂದ್ಯ ಸಿನ್ಹಾ, ಅಪರಾಜಿತಾ ದತ್ತ, ಎಂ.ಡಿ. ಮಧುಸೂದನ್ ಮತ್ತು ಚಾರುದತ್ತ ಮಿಶ್ರಾ ಆ ಜನರ ಮಾತು ಕೇಳಿದರು, ಬೆಟ್ಟ ಹತ್ತಿದರು, ಚಿತ್ರ ತೆಗೆದರು, ಬಾಲದ ಉದ್ದ ಮತ್ತು ಮುಖದ ಗುರುತುಗಳನ್ನು ಪಕ್ಕದ ಜಾತಿಯ ಕೋತಿಗಳ ಜೊತೆ ಹೋಲಿಸಿದರು. 2005ರಲ್ಲಿ ಅದು ಹೊಸ ಪ್ರಭೇದವೆಂದು ಪ್ರಕಟವಾಯಿತು. ಇಲ್ಲಿಯೂ ಆರಂಭ ಊರವರ ಮಾತಿನಿಂದಲೇ ಆಯಿತು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ, ಬೇರೆಯವರು ಹೋಗಿ ತಾವೇ ನೋಡಬಹುದಾದ ಸಾಕ್ಷಿಯಾಗಿ ಬೆಳೆಯಿತು. ಬಿಗ್‌ಫುಟ್ ಹುಡುಕಾಟಕ್ಕೆ 1958ರಿಂದ ಇಂದಿನವರೆಗೆ ಸಿಗದಿರುವುದು ಇದೇ.

ಮಿತ್ರರೇ, ಇನ್ನು ನಮ್ಮ ಊರು ಕೇರಿಗಳ ಮಾತಿಗೆ ಬರೋಣ. ಯಾರೂ ಹಿಡಿಯದ ಪ್ರಾಣಿ ಯಾವಾಗಲೂ ಕಾಡಿನಲ್ಲೇ ಇರುವುದಿಲ್ಲ. 2001ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 'ಮಂಕಿ ಮ್ಯಾನ್' ಎಂಬ ಭೀತಿ ಹಬ್ಬಿತು. ಬೇಸಿಗೆ, ಕರೆಂಟಿಲ್ಲದ ರಾತ್ರಿ, ಮಾಳಿಗೆಯ ಮೇಲೆ ಮಲಗಿದ ಜನ. ಒಬ್ಬರು ಕಪ್ಪು ಕೂದಲಿನ ಕೋತಿ ಎಂದರು, ಒಬ್ಬರು ಹೆಲ್ಮೆಟ್ ಹಾಕಿತ್ತು ಎಂದರು, ಇನ್ನೊಬ್ಬರು ಲೋಹದ ಉಗುರು ಎಂದರು. ಪೊಲೀಸರಿಗೆ ನೂರಾರು ಕರೆ ಬಂದವು, ಬಹುಮಾನ ಘೋಷಣೆಯಾಯಿತು. ಹೆದರಿ ಮಾಳಿಗೆಯಿಂದ ಹಾರಿ ಜನ ಸತ್ತರು, ಅಪರಿಚಿತರು ಏಟು ತಿಂದರು. ಆ ಪ್ರಾಣಿ ಮಾತ್ರ ಸಿಗಲಿಲ್ಲ, ಅದು ಸಾಮೂಹಿಕ ಭೀತಿ ಎಂಬ ತೀರ್ಮಾನಕ್ಕೆ ತನಿಖೆ ಬಂತು.

ನಮಗೆ ಇನ್ನೂ ಹತ್ತಿರದ ಸಂಗತಿ ಒಂದಿದೆ. ಅದನ್ನು ಹೇಳಲು ಮನಸ್ಸು ಭಾರವಾಗುತ್ತದೆ. 2018ರ ಜುಲೈ 13ರಂದು ನೆರೆಯ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಸ್ನೇಹಿತರ ಗುಂಪೊಂದನ್ನು ಮಕ್ಕಳ ಕಳ್ಳರೆಂದು ತಿಳಿದು ಜನ ಮುತ್ತಿದರು. ಆ ಊರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಅವರಿಗಿಂತ ಮೊದಲು ತಲುಪಿತ್ತು. ಹೈದರಾಬಾದಿನ ಯುವ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಅಲ್ಲೇ ಪ್ರಾಣ ಕಳೆದುಕೊಂಡರು. ಆ ವರ್ಷ ದೇಶದಲ್ಲೆಲ್ಲ ಹರಿದಾಡಿದ ಒಂದು ವಿಡಿಯೋದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ನೆರಳಿನ ಹೆಜ್ಜೆ ಬಿಟ್ಟು ಬಿಸಿಲಿನ ಹೆಜ್ಜೆ ಮಾತ್ರ ತೋರಿಸಿದ ಹಾಗೆಯೇ ಇದು. ಬಿಗ್‌ಫುಟ್ ನಂಬಿದವನಿಂದ ಯಾರ ಪ್ರಾಣವೂ ಹೋಗಲಿಕ್ಕಿಲ್ಲ. ಅದೇ ಬಗೆಯ ಸಾಕ್ಷಿಯನ್ನು ಮನುಷ್ಯನ ಮೇಲೆ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ಮುರ್ಕಿ ತೋರಿಸಿತು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ತೊಗರಿ ಹೊಲದಲ್ಲಿ ಚಿರತೆಯ ಹೆಜ್ಜೆ ಕಂಡಿತು ಎಂಬ ಸುದ್ದಿ ಬಂದರೆ, ಮೊದಲು ಗುರುತಿನ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಮೇಲಿನಿಂದ ಚಿತ್ರ ತೆಗೆಯಿರಿ. ಒಂದಲ್ಲ, ಸಾಲಾಗಿ ಹಲವು ಗುರುತುಗಳದ್ದು. ನಡೆಯುವಾಗ ಚಿರತೆಯ ಉಗುರು ಒಳಗೆ ಮಡಚಿರುತ್ತದೆ. ನಾಯಿ, ತೋಳ, ಕತ್ತೆಕಿರುಬಗಳ ಗುರುತಿನಲ್ಲಿ ಉಗುರು ಕಾಣುತ್ತದೆ. 2011ರಲ್ಲಿ ಘೋಷಣೆಯಾದ ನಮ್ಮ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮದಲ್ಲಿ ತೋಳ ಮತ್ತು ಕತ್ತೆಕಿರುಬಗಳು ಇವೆ ಎಂಬುದು ನೆನಪಿರಲಿ. ಕಂಡವರನ್ನು ಒಬ್ಬೊಬ್ಬರಾಗಿ ಕೇಳಿ ಅಂದೇ ಬರೆದಿಡಿ. ಕಟ್ಟೆಯ ಮೇಲೆ ಎಲ್ಲರೂ ಕೂಡಿ ಮಾತನಾಡಿದ ಮೇಲೆ ಹತ್ತು ನೆನಪು ಒಂದಾಗಿಬಿಡುತ್ತವೆ. ಬಳಿಕ ಅರಣ್ಯ ಇಲಾಖೆಗೆ ತಿಳಿಸಿ. 'ಇದು ನಾಯಿಯ ಹೆಜ್ಜೆ' ಎಂದು ಅವರು ಹೇಳಿದರೆ ಅದನ್ನೂ, ಮೊದಲಿನ ಸುದ್ದಿ ಮುಟ್ಟಿದ ಮನೆಗಳಿಗೆಲ್ಲ ಮುಟ್ಟಿಸಿ. ಹೆದರಿಕೆ ಓಡಿದಷ್ಟು ವೇಗದಲ್ಲಿ ಸಮಾಧಾನ ಓಡುವುದಿಲ್ಲ, ಅದನ್ನು ಹೊತ್ತು ಒಯ್ಯುವವರು ಬೇಕು.

ಪಾಲಕರಲ್ಲಿಯೂ ಒಂದು ಮಾತು. ಮಗು 'ನಿಮಗೆ ಹೇಗೆ ಗೊತ್ತು?' ಎಂದು ಕೇಳಿದರೆ ಅದನ್ನು ಎದುರುತ್ತರ ಎಂದು ಗದರಿಸಬೇಡಿ. ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್, ಜಗತ್ತೇ ಗುರುವೆಂದು ಒಪ್ಪಿದ್ದ ಟಾಲೆಮಿಯ ಗ್ರಂಥಗಳ ಮೇಲೆ ತನ್ನ ಸಂಶಯಗಳನ್ನು ಒಂದು ಪುಸ್ತಕವಾಗಿಯೇ ಬರೆದ. ಬೆಳಕು ಮತ್ತು ನೋಟದ ಶಾಸ್ತ್ರವನ್ನು ಪ್ರಯೋಗದ ಮೇಲೆ ನಿಲ್ಲಿಸಿದ. ಗೌರವವೂ ಪ್ರಶ್ನೆಯೂ ಒಂದೇ ಮನೆಯಲ್ಲಿ ಇರಬಲ್ಲವು.

ನಾಳೆ ನಿಮ್ಮ ಕೈಗೆ ಒಂದು ಚಿತ್ರ ಬರುತ್ತದೆ, ಕಿವಿಗೆ ಒಂದು ಸುದ್ದಿ ಬೀಳುತ್ತದೆ. ಮುಂದಕ್ಕೆ ಕಳಿಸುವ ಮೊದಲು ಈ ಐದು ಪ್ರಶ್ನೆಗಳನ್ನು ಕೇಳಿ: ಕಂಡವರು ಯಾರು? ಗುರುತಿಗೆ ಆಮೇಲೆ ಏನಾಯಿತು? ಬೇರೆಯವರು ಪರೀಕ್ಷಿಸಿದರೇ? ಇನ್ನೇನು ಆಗಿರಬಹುದು? ತಪ್ಪೆಂದು ಒಪ್ಪಲು ಏನು ಸಿಗಬೇಕು? ಉತ್ತರ ಸಿಗದಿದ್ದರೆ ಅಲ್ಲಿಯೇ ತಡೆಯಿರಿ. ಯಾರದೋ ಜೀವ ಆ ಒಂದು ಗಳಿಗೆಯ ತಡೆಯಿಂದ ಉಳಿಯಬಹುದು.